ಮುದ್ದಹನುಮ ಊಟಕ್ಕೆ ಹೋದ ಹೊತ್ತು

2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರಲ್ಲ, ಆಮೇಲೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಯುದ್ಧ ಮಾಡದವರೇ ಇರಲಿಲ್ಲ. ಹೊಳಲ್ಕೆರೆಯ ಅಡಿಕೆ ವ್ಯಾಪಾರಸ್ಥರು ಸಿಂಧೂ ನದಿಗೆ ಕಟ್ಟೆ ಕಟ್ಟಿ ಮುಗಿಸಿದರು. ಹೊಸದುರ್ಗದಲ್ಲಿ ತೆಂಗಿನಕಾಯಿ ಲಾರಿಯ ನೆರಳಿಗೆ ಕೂತವರು ಲಾಹೋರಿನ ತನಕ ಹೋಗಿ ಬಂದರು. (ಭದ್ರಾ ನೀರು ನಮ್ಮ ಕಡೆ ಬರುತ್ತದೆ ಅಂತ ಎಷ್ಟು ವರ್ಷದಿಂದ ಕಾಯುತ್ತಿದ್ದೇವೆ ಅನ್ನುವುದು ಅವತ್ತು ಯಾರಿಗೂ ನೆನಪಾಗಲಿಲ್ಲ.) ಟಿ.ವಿ.ಯವರು ಇನ್ನೂ ಮುಂದೆ. ಮೇ 8ರ ರಾತ್ರಿ ಕರಾಚಿ ಬಂದರನ್ನೇ ಸುಟ್ಟರು. ಬೆಳಗಾದರೆ ಬಂದರು ಇದ್ದಲ್ಲೇ ಇತ್ತು. ವಾಯುದಾಳಿಯ ಸೈರನ್ನನ್ನು ಸುದ್ದಿಯ ಹಿಮ್ಮೇಳಕ್ಕೆ ಬಳಸಬೇಡಿ, ನಿಜವಾಗಿ ಕೂಗಿದಾಗ ಜನ ತಾತ್ಸಾರ ಮಾಡಿಯಾರು ಅಂತ ಕೊನೆಗೆ ಸರ್ಕಾರವೇ ಹೇಳಬೇಕಾಯಿತು.

ಸಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಸತ್ತವರಲ್ಲಿ ಪಕ್ಕದ ಶಿವಮೊಗ್ಗದವರೂ ಇದ್ದರು. ಆ ಸಿಟ್ಟು ಹೋಗಿ ಯಾರ ಮೇಲೆ ಬೀಳುತ್ತದೆ ಅನ್ನುವುದೇ ತಕರಾರು. ಹಿರಿಯೂರಿನ ಒಂದು ಹೋಟೆಲಿನಲ್ಲಿ ಮಾತು ಕಾವೇರಿದ್ದಾಗ ಎದುರಿನ ಪಂಕ್ಚರ್ ಅಂಗಡಿಯ ಸಾಬರು ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಬಂದು, "ಅಣ್ಣ, ಒಂದು ಟೀ ಕೊಡಿ" ಅಂದರು. ಎಲ್ಲರ ಬಾಯಿ ಕಟ್ಟಿತು. ಒಬ್ಬ ಮಂಡಕ್ಕಿಯಲ್ಲಿ ಶೇಂಗಾ ಹುಡುಕತೊಡಗಿದ. ದಿನಾ ಕೂತು, ಪೇಪರ್ ಮಗುಚಿ ಹಾಕಿ ಹೋಗುತ್ತಿದ್ದ ಮನುಷ್ಯ ಅವತ್ತು ನಿಂತೇ ಕುಡಿದು, ಚಿಲ್ಲರೆ ಇಟ್ಟು ಹೋದರು. ಬೈಸರನ್ನಿನಲ್ಲಿ ಪ್ರವಾಸಿಗರನ್ನು ಉಳಿಸಲು ಹೋಗಿ ಸತ್ತ ಕುದುರೆಯವನೂ ಮುಸ್ಲಿಮನೇ. ಅಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಮುಸ್ಲಿಮರ, ಕಾಶ್ಮೀರಿಗಳ ಮೇಲೆ ಹಗೆ ಬೇಡ ಅಂದಳು; ನಮ್ಮ ಮೊಬೈಲ್ ಶೂರರು ಅವಳನ್ನೂ ಬಿಡಲಿಲ್ಲ.

ದುರ್ಗದಲ್ಲಿ ಬೆಳಿಗ್ಗೆ ಕೋಟೆ ಕಡೆ ವಾಕಿಂಗ್ ಹೋಗುವಾಗ ನನಗಿಬ್ಬರು ಜೊತೆಗಾರರಿದ್ದಾರೆ. ಒಬ್ಬರು ಕಾಂಗ್ರೆಸ್ಸು, ಒಬ್ಬರು ಬಿಜೆಪಿ; ಮಂಡಿನೋವು ಮಾತ್ರ ಇಬ್ಬರದೂ ಒಂದೇ. "ಅಷ್ಟೊಂದು ಜನ ಸೇರೋ ಜಾಗದಲ್ಲಿ ಒಬ್ಬ ಪೊಲೀಸಪ್ಪನೂ ಯಾಕಿರಲಿಲ್ಲ?" ಅಂತ ಕಾಂಗ್ರೆಸ್ಸಿನವರು ಕೇಳಿದರು. "ಇದು ರಾಜಕೀಯ ಮಾಡೋ ಹೊತ್ತಲ್ಲ ಕಣಪ್ಪ" ಅಂತ ಬಿಜೆಪಿಯವರು ಅಂದರು.

ಯಾರು ಕೇಳಿದರೇನು, ಪ್ರಶ್ನೆ ಸರಿಯಾಗಿಯೇ ಇತ್ತು. ದುರ್ಗದವರಿಗಂತೂ ಮೊದಲು ಹೊಳೆಯಬೇಕಾದ್ದೇ ಅದು. ಓಬವ್ವನ ಕಥೆ ತೆಗೆದುಕೊಳ್ಳಿ. ಕಾವಲಿನ ಮುದ್ದಹನುಮ ಊಟಕ್ಕೆ ಮನೆಗೆ ಬಂದ. ನೀರಿಗೆ ಹೋದ ಹೆಂಡತಿ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ಎತ್ತಿದಳು. 1972ರ 'ನಾಗರಹಾವು' ನೋಡಿದ ಮೇಲೆ ಆ ಒನಕೆ ಎಲ್ಲರ ಕಣ್ಣಲ್ಲೂ ಕೂತುಬಿಟ್ಟಿದೆ. ಕೋಟೆ ನೋಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ಕಿಂಡಿಯಲ್ಲಿ ತೂರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕಾವಲಿನವನು ಉಣ್ಣಲು ಹೋದಾಗ ಬದಲಿ ಆಳು ಯಾಕಿರಲಿಲ್ಲ ಅಂತ ಗೈಡನ್ನು ಕೇಳಿದವರನ್ನು ನಾನಂತೂ ಕಂಡಿಲ್ಲ. ಉಣ್ಣುವುದು ಅವನ ತಪ್ಪಲ್ಲವಲ್ಲ, ಪಾಳಿ ಹಾಕಿದವರು ಯಾರು? ಓಬವ್ವ ಅವತ್ತು ಗೆದ್ದಳು. ಕೋಟೆ 1779ರಲ್ಲಿ ಬಿತ್ತು.

ಹಿಂದೆ ಪಾಳಿ ಹಾಕಿದವರು ಯಾರು ಅಂತ ಕೇಳುವ ರೂಢಿ ಅಷ್ಟಿಷ್ಟು ಇತ್ತು. ಕಾರ್ಗಿಲ್ ಆದ ಮೇಲೆ ಎಲ್ಲಿ ಎಡವಿದೆವು ಅಂತ ನೋಡಲು ಕೆ. ಸುಬ್ರಹ್ಮಣ್ಯಂ ಸಮಿತಿ ಕೂತಿತು. 2008ರ ನವೆಂಬರಿನಲ್ಲಿ ಮುಂಬೈಗೆ ಉಗ್ರರು ನುಗ್ಗಿದ ಬೆನ್ನಿಗೇ, ಆ ತಿಂಗಳು ಮುಗಿಯುವುದರೊಳಗೆ, ಗೃಹಮಂತ್ರಿ ಶಿವರಾಜ್ ಪಾಟೀಲರು ಮನೆಗೆ ಹೋದರು. ಬೈಸರನ್ನಿನದು ಭದ್ರತೆಯ ಲೋಪ, ಹೊಣೆ ತಮ್ಮದು ಅಂತ ಜಮ್ಮು-ಕಾಶ್ಮೀರದ ಉಪರಾಜ್ಯಪಾಲ ಮನೋಜ್ ಸಿನ್ಹಾ ಒಪ್ಪಿಕೊಂಡದ್ದು ಜುಲೈನಲ್ಲಿ, ಅದೂ ಕುರ್ಚಿಯಿಂದ ಏಳದೆ.

ಅಷ್ಟರಲ್ಲಿ ಆರ್‌ಸಿಬಿ ಕಪ್ ಗೆದ್ದಾಗಿತ್ತು. ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತು, ಮರುದಿನವೇ ಬೆಂಗಳೂರಿನ ಪೊಲೀಸ್ ಕಮಿಷನರ್ ಅಮಾನತಾಗಿದ್ದರು. ಅಧಿಕಾರಿಗೆ ಅಮಾನತು, ಮಂತ್ರಿಗೆ ಮೈಕು. ವಾಕಿಂಗಿನಲ್ಲಿ ಬಿಜೆಪಿಯವರು ಸಿಡಿದೆದ್ದರು: "ಅಷ್ಟು ಜನ ಸೇರ್ತಾರೆ ಅಂತ ಗೊತ್ತಿದ್ದೂ ಬಂದೋಬಸ್ತ್ ಯಾಕೆ ಮಾಡಲಿಲ್ಲ? ಮುಖ್ಯಮಂತ್ರಿ ರಾಜೀನಾಮೆ ಕೊಡಲಿ!"

ಕಾಂಗ್ರೆಸ್ಸಿನವರು ಮಫ್ಲರ್ ಸರಿಮಾಡಿಕೊಂಡು, "ಇದು ರಾಜಕೀಯ ಮಾಡೋ ಹೊತ್ತಲ್ಲ ಕಣಪ್ಪ" ಅಂದರು.