ಹಳಿಯ ದೋಷವೋ, ಬಂಡಿಯ ದೋಷವೋ?

ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುತ್ತ ಮೂರು ದಶಕಗಳನ್ನು ಕಳೆದವನು ಆಟಿಕೆಯ ರೈಲನ್ನು ಕುರಿತು ಬರೆಯಹೊರಟರೆ ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ವಿದ್ಯೆಯೆಂಬುದು ಗ್ರಂಥಗಳಲ್ಲಿ ಮಾತ್ರ ಅಡಗಿ ಕುಳಿತಿರುವ ವಸ್ತುವಲ್ಲ. ನೋಡುವ ಕಣ್ಣಿದ್ದರೆ ಅದು ಮರದ ಹಲಗೆಯೊಂದರ ಮೇಲೂ ಗೋಚರಿಸುತ್ತದೆ. ಅಂತಹ ಹಲಗೆಯೊಂದು ನಮ್ಮ ಮನೆಯ ಮಹಡಿಯಲ್ಲಿದೆ. ಅದರಿಂದ ನಾನು ಅರಿತುದನ್ನು ಅಧ್ಯಾಪಕ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ಅಣ್ಣನವರು ರೈಲ್ವೆ ಇಲಾಖೆಯಲ್ಲಿ ಹಳಿಗಳ ಮೇಲ್ವಿಚಾರಣೆಯ ಕೆಲಸ ಮಾಡಿ ನಿವೃತ್ತರಾದವರು. ಮೀಟರ್ ಗೇಜಿನ ಕಾಲದಲ್ಲಿ ಸೇವೆಗೆ ಸೇರಿ, 1992ರಲ್ಲಿ ಆರಂಭವಾದ ಗೇಜ್ ಪರಿವರ್ತನೆಯ ಯೋಜನೆಯಿಂದ ಆ ಹಳಿಗಳು ಬ್ರಾಡ್ ಗೇಜ್ ಆಗಿ ಮಾರ್ಪಟ್ಟುದನ್ನು ಕಣ್ಣಾರೆ ಕಂಡವರು. ನಿವೃತ್ತಿಯ ತರುವಾಯ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಪುಟ್ಟ ರೈಲುಮಾರ್ಗವೊಂದನ್ನು ರಚಿಸಿದ್ದಾರೆ.

ಇದನ್ನು ಬರಿಯ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು 1891ರಲ್ಲಿ ಲೈಪ್‌ಜಿಗ್ ನಗರದ ಮೇಳದಲ್ಲಿ ಗೊತ್ತಾದ ಅಳತೆಯ ಹಳಿಗಳನ್ನು ಪ್ರದರ್ಶಿಸಿದಂದಿನಿಂದ ಇದು ಕ್ರಮಬದ್ಧವಾದ ಹವ್ಯಾಸವಾಗಿ ಬೆಳೆದುಬಂದಿದೆ. ಅಣ್ಣನವರ ಮಾರ್ಗವು ಎಚ್.ಓ. ಎಂಬ ಪ್ರಮಾಣದ್ದು, ಎಂದರೆ ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವಣ ಅಂತರ 16.5 ಮಿಲಿಮೀಟರು.

ಒಂದು ಮೊಳೆಯನ್ನೂ ಹೊಡೆಯುವ ಮೊದಲು ಅವರು ಎರಡು ತಿಂಗಳ ಕಾಲ ಕಾಗದದ ಮೇಲೆಯೇ ಮಾರ್ಗವನ್ನು ಬರೆದರು, ಅಳಿಸಿದರು, ಮತ್ತೆ ಬರೆದರು. ನಮ್ಮ ಬ್ರಾಡ್ ಗೇಜ್ ಮಾರ್ಗಗಳಲ್ಲಿ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರು. ಅದನ್ನು ಎಂಬತ್ತೇಳರಿಂದ ಭಾಗಿಸಿದರೂ ಎರಡು ಮೀಟರು ಬರುತ್ತದೆ. ಪೂರ್ಣ ವೃತ್ತ ಬರೆಯಲು ನಾಲ್ಕು ಮೀಟರಿಗೂ ಮಿಕ್ಕ ಅಗಲದ ಕೋಣೆಯೇ ಬೇಕು. ಆದುದರಿಂದ ಮನೆಯ ಹಲಗೆಯ ಮೇಲೆ 22 ಅಂಗುಲದ ತ್ರಿಜ್ಯದಲ್ಲಿಯೇ ತೃಪ್ತರಾಗಬೇಕು. ಆಗಲೂ ಎರಡು ಅಂಚುಗಳಲ್ಲಿ ಉಳಿಯುವುದು ಎರಡೆರಡೇ ಅಂಗುಲ. ಬಲಕ್ಕೆ ಬಾಗಿದ ಹಳಿ ಒಡನೆಯೇ ಎಡಕ್ಕೆ ಹೊರಳುವಂತಿಲ್ಲ. ನಡುವೆ ಅತಿ ಉದ್ದದ ಬೋಗಿಯಷ್ಟಾದರೂ ನೇರವಾದ ಹಳಿಯಿರಬೇಕು; ಪದ್ಯದಲ್ಲಿ ಯತಿಯಿದ್ದಂತೆ ಅದು ಉಸಿರಾಡುವ ತಾಣ. ಒಂದು ಮಾರ್ಗವು ಮತ್ತೊಂದರ ಮೇಲೆ ಹಾಯಬೇಕಾದರೆ ಮೂರು ಅಂಗುಲ ಏರಬೇಕು. ಐವತ್ತು ಅಂಗುಲಕ್ಕೆ ಒಂದಂಗುಲದ ಏರಾದರೆ ಅದಕ್ಕೆ 150 ಅಂಗುಲ, ಎಂದರೆ ಹನ್ನೆರಡೂವರೆ ಅಡಿ ಹಳಿ ಬೇಕು. ಎಂಟಡಿಯ ಹಲಗೆಯಲ್ಲಿ ಅದು ನೇರವಾಗಿ ಹಿಡಿಯದು. ಬೆಟ್ಟವನ್ನು ಬಳಸಿ ಏರುವ ಘಾಟಿಯ ದಾರಿಯಂತೆ ಸುತ್ತುಹಾಕಿಯೇ ಏರಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಹಳಿಯು ತೊಂದರೆ ಕೊಡದೆ ಬಿಡುವುದಿಲ್ಲ. ಎಂಜಿನ್ನಿಗೆ ವಿದ್ಯುತ್ತು ದೊರೆಯುವುದು ಹಳಿಗಳಿಂದಲೇ. ಎರಡು ಹಳಿಗಳಲ್ಲಿ ಹರಿದು ಚಕ್ರಗಳ ಮೂಲಕ ಅದು ಮೋಟಾರನ್ನು ಸೇರುತ್ತದೆ. ಹಳಿಯ ತುಂಡುಗಳು ಕೂಡುವೆಡೆಯ ಪುಟ್ಟ ತಗಡು ಸಡಿಲವಾದರೆ ಅಥವಾ ಕಿಲುಬು ಹಿಡಿದರೆ ವಿದ್ಯುತ್ತು ಮುಂದೆ ಸಾಗದು. ವೈಯಾಕರಣನ ಭಾಷೆಯಲ್ಲಿ ಹೇಳುವುದಾದರೆ ಸಂಧಿ ಕೆಟ್ಟಿತು. ಮಾರ್ಗವು ಸುತ್ತಿಬಂದು ತನ್ನನ್ನೇ ಎದುರುಗೊಳ್ಳುವ ಕಡೆ ಸಮಸ್ಯೆ ಇದಕ್ಕೆ ವಿಪರೀತ. ಅಲ್ಲಿ ಎಡಹಳಿಯು ಬಲಹಳಿಯನ್ನು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಆ ಭಾಗದ ಎರಡು ತುದಿಗಳಲ್ಲಿಯೂ ಪ್ಲಾಸ್ಟಿಕ್ ಜೋಡಣೆಯಿಟ್ಟು, ಪ್ರತ್ಯೇಕ ಸ್ವಿಚ್ಚಿನಿಂದ ನಡೆಸಬೇಕು. ಸಂಧಿಯಾಗಬಾರದ ಕಡೆ ಪ್ರಕೃತಿಭಾವವೇ ಸಾಧು ಎಂಬುದನ್ನು ನಾವು ತರಗತಿಯಲ್ಲಿ ಹೇಳುವುದಿಲ್ಲವೇ? ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಕೂಡುವೆಡೆಗಳಲ್ಲಿ ಎಲ್ಲಿಯೂ ಎಡೆಬಿಡದೆ ಹಳಿ ಹಾಸಿದ್ದರೆ ಅದು ಸೊಟ್ಟಗೆ ಬಾಗಿಬಿಡುತ್ತದೆ.

ದೋಷವನ್ನು ಹುಡುಕುವಲ್ಲಿ ಅಣ್ಣನವರದು ಒಂದು ನಿಯಮ. ಒಂದೇ ಬಂಡಿ ಬೇರೆ ಬೇರೆ ಸ್ಥಳಗಳಲ್ಲಿ ಹಳಿ ತಪ್ಪಿದರೆ ದೋಷ ಬಂಡಿಯದು. ಬೇರೆ ಬೇರೆ ಬಂಡಿಗಳು ಒಂದೇ ಸ್ಥಳದಲ್ಲಿ ತಪ್ಪಿದರೆ ದೋಷ ಹಳಿಯದು. ನಮ್ಮ ಶಾಸ್ತ್ರಕಾರರು ಅನ್ವಯ-ವ್ಯತಿರೇಕವೆಂದು ಕರೆದ ವಿಚಾರಕ್ರಮವನ್ನು ಅವರು ಯಾವ ಪಾಠಶಾಲೆಯಲ್ಲಿಯೂ ಕಲಿತವರಲ್ಲ. ಸುತ್ತಿಗೆ ಹಿಡಿದು ಹಳಿಯ ಮೇಲೆ ನಡೆಯುತ್ತ ಕಲಿತವರು.

ಒಂದು ಬೇಸಗೆಯಲ್ಲಿ ಎಂಜಿನ್ನು ದೂರದ ತಿರುವಿನಲ್ಲಿ ಪದೇ ಪದೇ ನಿಲ್ಲತೊಡಗಿತು. ಮನೆಯವರೆಲ್ಲ ಎಂಜಿನ್ ಕೆಟ್ಟಿತೆಂದರು. ಅಣ್ಣನವರು ಅದನ್ನು ಬಿಚ್ಚಲಿಲ್ಲ. ಇನ್ನೊಂದು ಎಂಜಿನ್ನನ್ನು ಓಡಿಸಿದರು. ಅದೂ ಅಲ್ಲಿಯೇ ನಿಂತಿತು. ಪೆಟ್ಟಿಗೆಯಿಂದ ತಂತಿಗಳನ್ನು ನೇರವಾಗಿ ತಂದು ಆ ತಿರುವಿನ ಹಳಿಗಳಿಗೆ ಮುಟ್ಟಿಸಿದೊಡನೆ ಓಡಿತು. ಆಮೇಲೆ ಒಂದೊಂದೇ ಸಂಧಿಯನ್ನು ಪರೀಕ್ಷಿಸುತ್ತ ಹಿಂದಕ್ಕೆ ಬಂದರು. ಎಂಜಿನ್ ನಿಂತದ್ದು ತಿರುವಿನಲ್ಲಿ. ಸಡಿಲಾದ ತಗಡು ಇದ್ದದ್ದು ಮೂರಡಿ ಹಿಂದೆ. ಅಲ್ಲಿಂದ ಮುಂದಿನ ಹಳಿಗೆ ಬೇರೊಂದು ತಂತಿಯನ್ನು ಬೆಸುಗೆ ಹಾಕಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ.

ಆ ವರ್ಷವೇ ಅವರ ಮೊಮ್ಮಗನಿಗೆ ಏಳನೆಯ ತರಗತಿಯ ಗಣಿತದಲ್ಲಿ ತೀರ ಕಡಿಮೆ ಅಂಕಗಳು ಬಂದವು. ಹುಡುಗ ಮಂದಬುದ್ಧಿಯವನೆಂಬ ಮಾತು ಅವನು ಓದುತ್ತಿದ್ದ ಶಾಲೆಯಿಂದ ಮನೆಗೆ ಬಂದಿತು. ತಾನಿನ್ನು ಶಾಲೆಗೆ ಹೋಗುವುದಿಲ್ಲ, ಗ್ಯಾರೇಜಿಗೆ ಸೇರುತ್ತೇನೆಂದು ಹುಡುಗನೂ ಹಟ ಹಿಡಿದ. ಅವನ ತಂದೆ ಬೇಸತ್ತು ಒಪ್ಪುವ ಹಂತಕ್ಕೆ ಬಂದಿದ್ದ. ಅಣ್ಣನವರು ಮಗನಿಗೆ ಹೇಳಿದ್ದು ಒಂದೇ ಮಾತು: "ಬಂಡಿಗೆ ಬೈಬ್ಯಾಡೋ, ಮೊದಲ ಹಳಿ ನೋಡು."

ಹುಡುಗನ ಮೂರು ವರ್ಷದ ಗಣಿತದ ಪುಸ್ತಕಗಳನ್ನು ತರಿಸಿ ನಾವಿಬ್ಬರೂ ಕುಳಿತು ತಪ್ಪಿದ ಲೆಕ್ಕಗಳಿಗೆಲ್ಲ ಗುರುತು ಹಾಕಿದೆವು. ಕೂಡುವುದು, ಗುಣಿಸುವುದು ಎಲ್ಲವೂ ಸರಿ. ಭಿನ್ನರಾಶಿ ಬಂದಲ್ಲಿ ಮಾತ್ರ ತಪ್ಪು, ಬಂದಲ್ಲೆಲ್ಲ ತಪ್ಪು. ಕೇಳಿ ತಿಳಿದುದೇನೆಂದರೆ, ಐದನೆಯ ತರಗತಿಯಲ್ಲಿ ಭಿನ್ನರಾಶಿಯ ಪಾಠ ನಡೆದಾಗ ಅವನು ವಿಷಮಶೀತ ಜ್ವರದಿಂದ ಎರಡು ತಿಂಗಳು ಹಾಸಿಗೆ ಹಿಡಿದಿದ್ದ. ನಿಂತದ್ದು ಏಳರಲ್ಲಿ, ಸಂಧಿ ಸಡಿಲಾದದ್ದು ಐದರಲ್ಲಿ.

ಮುಂದಿನ ಪಾಠವೆಲ್ಲ ಹಲಗೆಯ ಮೇಲೆಯೇ ನಡೆಯಿತು. ಐವತ್ತರಲ್ಲಿ ಒಂದು ಎಂದರೇನು, ಎಂಬತ್ತೇಳರಲ್ಲಿ ಒಂದು ಎಂದರೇನು ಎಂಬುದನ್ನು ಅವನು ಅಡಿಪಟ್ಟಿ ಹಿಡಿದು ಅಳೆದು ಕಂಡುಕೊಂಡ. ಹೊಸದೊಂದು ಏರುಮಾರ್ಗದ ಲೆಕ್ಕವನ್ನು ತಾನೇ ಹಾಕಿದ. ರೈಲು ಬಂಡಿ ಜಾರದೆ ಏರಿತು. ಮರುವರ್ಷ ಅವನು ತರಗತಿಗೆ ಮೊದಲಿಗನಾಗಲಿಲ್ಲ, ಸಾಧಾರಣ ಅಂಕಗಳಿಂದ ತೇರ್ಗಡೆಯಾದ. ಆದರೆ ಶಾಲೆ ಬಿಡುವ ಮಾತು ಅಲ್ಲಿಗೆ ನಿಂತಿತು. ಮನೆಯವರಿಗೆ ಬೇಕಾದುದೂ ಅಷ್ಟೇ.

ದೋಷವೆಲ್ಲ ಹಳಿಯದೇ ಎಂದು ನಾನು ಹೇಳುತ್ತಿಲ್ಲ. ಪರೀಕ್ಷಿಸದೆ ನಿರ್ಣಯಿಸುವುದು ಸಲ್ಲದೆಂಬುದಷ್ಟೇ ನನ್ನ ವಿನಂತಿ. ಒಂದೇ ಪಾಠದಲ್ಲಿ ಹತ್ತು ಮಕ್ಕಳು ಎಡವಿದರೆ ಆ ಪಾಠವನ್ನು ಬೋಧಿಸಿದ ಕ್ರಮವನ್ನು ನೋಡೋಣ. ಒಂದೇ ಮಗು ಎಲ್ಲ ಪಾಠಗಳಲ್ಲಿಯೂ ಎಡವಿದರೆ ಅದರ ಕಣ್ಣು, ಕಿವಿ, ಊಟ, ಮನೆಯ ಪರಿಸ್ಥಿತಿಗಳನ್ನು ವಿಚಾರಿಸೋಣ. ವಿದ್ಯಾರ್ಥಿಗಳೂ ತಾವು ನಿಂತ ಸ್ಥಳದಲ್ಲಿಯೇ ಕುಳಿತು ಕೊರಗದೆ, ಒಂದೊಂದೇ ಸಂಧಿಯನ್ನು ಮುಟ್ಟಿ ನೋಡುತ್ತ ಹಿಂದಕ್ಕೆ ನಡೆಯಬೇಕು. ಸಡಿಲಾದ ಸ್ಥಳವು ಬಹುಶಃ ಬಹುದೂರವೇನೂ ಇರುವುದಿಲ್ಲ. ಅದನ್ನು ಬಿಗಿದುಕೊಂಡರೆ ಮುಂದಿನ ದಾರಿ ತಾನಾಗಿ ಸುಗಮವಾಗುತ್ತದೆ.