ಫಿಲಡೆಲ್ಫಿಯಾದಿಂದ ಅಕ್ಕನಿಗೆ



ಇಲ್ಲೀಗ ಬೆಳಗಿನ ಜಾವ ಮೂರು. ನೀನು ಸಾರಿಗೆ ಒಗ್ಗರಣೆ ಹಾಕುತ್ತಿರಬೇಕು. ನನಗೆ ಮಾತ್ರ ನಿದ್ದೆಯಿಲ್ಲ. ಮಂಡಿನೋವು ಪರವಾಗಿಲ್ಲ, ಭಾವನಿಗೂ ಹೇಳು. ಬಿರುಕು ಬಿಟ್ಟ ಆ ದೊಡ್ಡ ಗಂಟೆ ನೋಡಿದ್ದಾಯಿತು. ಫೋಟೊ ಪುಟ್ಟಿ ಕಳಿಸುತ್ತಾಳೆ.

ನಿನ್ನೆ ಅಳಿಯಂದಿರು ಡೆಲವೇರ್ ನದಿ ದಡಕ್ಕೆ ಕರೆದೊಯ್ದಿದ್ದರು. ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು, ಇರಲಿ. 1861ರಲ್ಲಿ ಅಮೆರಿಕದ ಉತ್ತರದವರೂ ದಕ್ಷಿಣದವರೂ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರಲ್ಲ, ಆಗ ಉತ್ತರದ ಸಿಪಾಯಿಗಳು ದೋಣಿಯಲ್ಲಿ ಹೊಳೆ ದಾಟಿ ಇಲ್ಲೇ ಇಳಿದು, ದಕ್ಷಿಣದ ರೈಲಿಗೆ ನಡೆದು ಹೋಗುತ್ತಿದ್ದರು. ಹಸಿದ ಹುಡುಗರಿಗೆ ಮೊದಮೊದಲು ಸುತ್ತಲಿನ ಮನೆಯ ಹೆಂಗಸರೇ ಕಾಫಿ, ಬ್ರೆಡ್ಡು ತಂದುಕೊಟ್ಟರಂತೆ. ಮೇ ತಿಂಗಳಲ್ಲಿ ಎರಡು ಊಟದ ಮನೆಗಳೇ ಎದ್ದವು. ಒಂದು ಯೂನಿಯನ್ ವಾಲಂಟಿಯರ್, ಇನ್ನೊಂದು ಕೂಪರ್ ಶಾಪ್, ಪೀಪಾಯಿ ಮಾಡುವ ಕಾರ್ಖಾನೆಯೊಳಗೆ. ಎಲ್ಲ ಊರವರ ವಂತಿಗೆ. ಯುದ್ಧ ಮುಗಿಯುವಷ್ಟರಲ್ಲಿ ಎರಡೂ ಸೇರಿ ಹತ್ತು ಲಕ್ಷಕ್ಕೂ ಮೀರಿ ಊಟ ಬಡಿಸಿದ್ದವು!

ದಂಡು ಬರುವ ಸುದ್ದಿ ಸಿಕ್ಕಿದರೆ ಒಂದು ಪುಟ್ಟ ತೋಪು ಹಾರಿಸುತ್ತಿದ್ದರು. ಅರ್ಧರಾತ್ರಿಯಾದರೂ ಸರಿ, ಸದ್ದು ಕೇಳಿದ ಹೆಂಗಸರು ಎದ್ದು ಬಂದು ಒಲೆ ಹಚ್ಚಬೇಕು. ಬಂದವರಿಗೆ ಮುಖ ತೊಳೆಯಲು ನೀರು, ಸಾಬೂನು. ಆಮೇಲೆ ಸಾಲು ಮೇಜುಗಳ ಮೇಲೆ ಮಾಂಸ, ಆಲೂಗಡ್ಡೆ, ಉಪ್ಪಿನಕಾಯಿ, ಬಿಸಿ ಕಾಫಿ. ಮನೆಗೆ ಕಾಗದ ಬರೆಯಲು ಹಾಳೆ, ಲಕೋಟೆ, ಅಂಚೆಚೀಟಿ ಕೂಡ ಕೊಡುತ್ತಿದ್ದರಂತೆ. ಶಶಿಯ ಉಪನಯನಕ್ಕೆ ಇನ್ನೂರು ಎಲೆ ಬಿದ್ದದ್ದಕ್ಕೇ ನಾವಿಬ್ಬರೂ ಸೊಂಟ ಹಿಡಿದುಕೊಂಡು ಮಲಗಿದ್ದೆವು. ಇವರು ನಾಲ್ಕು ವರ್ಷ ಹೇಗೆ ತಡೆದರೋ! ಅಷ್ಟು ಪಾತ್ರೆ ತೊಳೆದವರು ಯಾರು ಅಂತ ಕೇಳಿದೆ. ಅಳಿಯಂದಿರು ನಕ್ಕರು. ನಗುವ ಮಾತೇ ಅದು? ಜನರಲ್‌ಗಳಿಗೆ ಊರ ತುಂಬ ಪ್ರತಿಮೆ ಇವೆ.

ಕೂಪರ್ ಶಾಪಿನಲ್ಲಿ ಆಸ್ಪತ್ರೆಯೂ ಇತ್ತು, ಅದನ್ನು ನೋಡಿಕೊಂಡವಳು ಆನಾ ಮರಿಯಾ ರಾಸ್ ಅಂತ. ಹಗಲು ದುಡ್ಡು ಕೂಡಿಸುವುದು, ರಾತ್ರಿ ಗಾಯಾಳುಗಳ ಪಕ್ಕ ಕೂರುವುದು. ಸಿಪಾಯಿಗಳಿಗೊಂದು ಆಶ್ರಯಧಾಮ ಆಗಲಿ ಎಂದು ಓಡಾಡಿ ಓಡಾಡಿ ಹಾಸಿಗೆ ಹಿಡಿದಳು. 1863ರ ಡಿಸೆಂಬರ್ 22ಕ್ಕೆ ಅದು ಶುರುವಾಯಿತು, ಅವಳು ಅವತ್ತೇ ಹೋಗಿಬಿಟ್ಟಳು.

ನಮ್ಮ ಸಿಪಾಯಿ ಶಶಿಯ ರಜೆ ಮುಗಿಯುತ್ತಾ ಬಂತಲ್ಲವೇ? ಬೇಡವೆಂದರೂ ಚಕ್ಕುಲಿ ಡಬ್ಬ ಅವನ ಟ್ರಂಕಿಗೆ ತುರುಕು, ಜೊತೆಯ ಜವಾನರಿಗೂ ಆಗುವಷ್ಟು. ಹಾಂ, ಹಿತ್ತಲ ಮನೆ ಕಂದಾಯ ಕಟ್ಟಿದ್ದೀಯಾ? ರಸೀತಿ ಬೀರುವಿನಲ್ಲಿ ಎಡಗಡೆ, ನನ್ನ ಮದುವೆ ಸೀರೆ ಕೆಳಗೆ ಇಡು.