ಭುಜ ಒಪ್ಪುವ ನಂಬರು

ಆತ್ಮೀಯ ಗೌಡರಿಗೆ,

ನಿಮ್ಮ ಕಾಗದ ಓದಿ ಖುಷಿಯಾಯಿತು, ಜೊತೆಗೆ ನಗುವೂ ಬಂತು. ಸಕಲೇಶಪುರದ ತೋಟದಲ್ಲಿ ಕೂತು ಕೊಲರಾಡೊದ ಜಿಂಕೆಗೆ ಯಾವ ತೋಟೆ ಸರಿ ಎಂದು ತಲೆ ಕೆಡಿಸಿಕೊಳ್ಳುವ ಅಪ್ಪ ನೀವೊಬ್ಬರೇ ಇರಬೇಕು. ಮಗ ಆಫೀಸಿನ ಗೆಳೆಯರ ಜೊತೆ ಅಕ್ಟೋಬರಿನಲ್ಲಿ ಮ್ಯೂಲ್ ಡಿಯರ್ ಬೇಟೆಗೆ ಹೊರಟಿದ್ದಾನೆ. ಒಬ್ಬ .300 ವಿನ್‌ಚೆಸ್ಟರ್ ಮ್ಯಾಗ್ನಂ ತಗೋ ಅಂತಾನೆ, ಇನ್ನೊಬ್ಬ 6.5 ಕ್ರೀಡ್‌ಮೂರ್ ಸಾಕು ಅಂತಾನೆ. ನಿಮಗೋ ಬೇಟೆಗಾರ ಕೆನೆತ್ ಆಂಡರ್ಸನ್ನನ .405 ಬಿಟ್ಟು ಬೇರೆ ನೆನಪಾಗುವುದಿಲ್ಲ. ನಾನು ಕೊಲರಾಡೊದಲ್ಲೇ ಇದ್ದೇನಲ್ಲ ಎಂದು ಪಂಚಾಯ್ತಿಯನ್ನು ನನ್ನ ಮುಂದೆ ತಂದಿಟ್ಟಿದ್ದೀರಿ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: .308 ವಿನ್‌ಚೆಸ್ಟರ್. ಮ್ಯಾಗ್ನಂ ಸದ್ಯಕ್ಕೆ ಬೇಡವೇ ಬೇಡ.

ರೈಫಲ್‌ಗಿಂತ ಮುಂಚೆ ಕಾಗದಪತ್ರದ ಮಾತು. ಅವನು ಎಚ್-1ಬಿ ವೀಸಾದಲ್ಲಿ ಇದ್ದಾನೆ ಅಂದಿರಿ. ಇಂಥ ತಾತ್ಕಾಲಿಕ ವೀಸಾದವರು ಬಂದೂಕು ಮುಟ್ಟುವುದನ್ನೇ ಇಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಆದರೆ ಅದರೊಳಗೇ ಒಂದು ಕಿಂಡಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಆ ನಿಷೇಧ ಅನ್ವಯಿಸದು. ಅಂದರೆ ಲೈಸೆನ್ಸಿನ ಅವಧಿ ಮುಗಿದ ದಿನ ಮನೆಯ ಬೀರುವಿನಲ್ಲಿರುವ ರೈಫಲ್ಲೇ ಅಪರಾಧವಾಗಿಬಿಡಬಹುದು. ಡ್ರಾದಲ್ಲಿ ಜಿಂಕೆಯ ಲೈಸೆನ್ಸ್ ಸಿಕ್ಕಿದೆಯಂತೆ, ಒಳ್ಳೆಯದಾಯಿತು. ಅದರ ಕೊನೆಯ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರೆಲ್ಲ ಇಲ್ಲಿ ಬೇಟೆಯ ಪಾಠ ಕಲಿತು ಕಾರ್ಡು ಪಡೆದಿರಬೇಕು. ಅದನ್ನು ಅವನು ಮುಗಿಸಿಯೇ ಇರುತ್ತಾನೆ.

ಇನ್ನು ನಂಬರಿನ ಕಥೆ. ಈ ರಾಜ್ಯ ಒಂದು ಕೆಳಗೆರೆ ಎಳೆದಿದೆ: ಜಿಂಕೆಗೆ .24 ಅಂಗುಲಕ್ಕಿಂತ ಸಣ್ಣ ಗುಂಡು ಕೂಡದು, ತೂಕ 70 ಗ್ರೇನಿಗೆ ಕಮ್ಮಿ ಇರಕೂಡದು, ಗುಂಡು ಒಳಹೊಕ್ಕು ಅರಳುವ ಜಾತಿಯದೇ ಆಗಬೇಕು, 100 ಗಜದಲ್ಲಿ ಅದರ ಹೊಡೆತ 1000 ಫುಟ್-ಪೌಂಡ್ ಆದರೂ ಉಳಿದಿರಬೇಕು. ಎಲ್ಕ್, ಮೂಸ್‌ಗಳಿಗೆ ತೂಕ 85 ಗ್ರೇನ್. (ಒಂದು ಗ್ರಾಮಿಗೆ ಹದಿನೈದೂವರೆ ಗ್ರೇನ್ ಆಗುತ್ತದೆ, ನೀವೇ ಲೆಕ್ಕ ಹಾಕಿಕೊಳ್ಳಿ.) 1955ರಲ್ಲಿ ಬಂದ .243 ವಿನ್‌ಚೆಸ್ಟರ್ ಈ ಗೆರೆಯನ್ನು ಸಲೀಸಾಗಿ ದಾಟುತ್ತದೆ, ಜಿಂಕೆಗೆ ಸಾಕೂ ಸಾಕು. ಹಾಗಾದರೆ .308 ಯಾಕೆ? ನಿಮ್ಮ ಮಗ ಜಿಂಕೆಗೇ ನಿಲ್ಲುವವನಲ್ಲ. ಬರುವ ವರ್ಷ ಎಲ್ಕ್ ಎನ್ನುತ್ತಾನೆ, ಬರೆದಿಟ್ಟುಕೊಳ್ಳಿ. ಗಂಡು ಎಲ್ಕ್ ನಮ್ಮ ದೊಡ್ಡ ಕಡವೆಗಿಂತಲೂ ಒಂದು ಕೈ ಮೇಲು, ಮುನ್ನೂರು ಕೆಜಿ ದಾಟುತ್ತದೆ. 150ರಿಂದ 180 ಗ್ರೇನ್ ಗುಂಡು ಹಾರಿಸುವ .308 ಎರಡಕ್ಕೂ ಬರುತ್ತದೆ. ಅಜ್ಜಂದಿರ ಕಾಲದ .30-06 ಕೂಡ ಅದೇ ದಪ್ಪದ ಗುಂಡನ್ನೇ ಹಾರಿಸುವುದು. ಆ 06 ಅದು ಸೇನೆಗೆ ಸೇರಿದ 1906ನೇ ಇಸವಿ. ಮದ್ದು ತುಸು ಜಾಸ್ತಿ, ವೇಗ ತುಸು ಜಾಸ್ತಿ, ಒದೆತವೂ ತುಸು ಜಾಸ್ತಿ. 1925ರ .270 ಬಗ್ಗೆಯೂ ನನ್ನದೇನೂ ತಕರಾರಿಲ್ಲ. ಜ್ಯಾಕ್ ಓಕಾನರ್ ಎಂಬ ಪತ್ರಿಕಾ ಬರಹಗಾರ ಅದನ್ನು ಹೊಗಳಿ ಹೊಗಳಿಯೇ ಮನೆಮಾತು ಮಾಡಿದ. ಈ ಮೂರರಲ್ಲಿ ಯಾವುದಿದ್ದರೂ ಪೆಟ್ಟು ತಿಂದ ಪ್ರಾಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆಂಡರ್ಸನ್ನನ .405ಕ್ಕೆ ಬರೋಣ. ಅವನ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಓದಿ ಬೆಳೆದ ನಮಗೆಲ್ಲ ಅದು ಮಂತ್ರದ ಕೋಲು. ವಿನ್‌ಚೆಸ್ಟರ್ 1895 ಮಾದರಿಯ ರೈಫಲ್ ಅದು; ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಹೊತ್ತೊಯ್ದದ್ದೂ ಅದನ್ನೇ. 300 ಗ್ರೇನಿನ ಮೊಂಡು ಮೂತಿಯ ಗುಂಡು, ಬಿದಿರು ಮೆಳೆಯಿಂದ ಎದುರೆದುರೇ ನುಗ್ಗಿ ಬರುವ ಹುಲಿಗೆ ಲಾಯಕ್ಕು. ಕೊಲರಾಡೊದ ಬಯಲಿನಲ್ಲಿ ಜಿಂಕೆ ಕಾಣುವುದೇ ಇನ್ನೂರು ಗಜದಾಚೆ. ಆ ಮೊಂಡು ಗುಂಡು ಅಷ್ಟು ದೂರ ಹೋಗುವಷ್ಟರಲ್ಲಿ ಎಷ್ಟು ಕೆಳಗಿಳಿದಿರುತ್ತದೆ ಎಂದರೆ, ಗುರಿಗಿಂತ ಅಂದಾಜೇ ಮುಖ್ಯವಾಗುತ್ತದೆ. .308ನ್ನು 200 ಗಜಕ್ಕೆ ಹೊಂದಿಸಿಟ್ಟರೆ 300 ಗಜದಲ್ಲಿ ಎಂಟೊಂಬತ್ತು ಅಂಗುಲ ಇಳಿಯುತ್ತದೆ. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಹೊಡೆಯಬಹುದು. ನೀವು ಕಾಫಿ ಗಿಡದ ಸಂದಿಯಲ್ಲಿ ಮೂವತ್ತು ಗಜದ ಈಡನ್ನು ಕಂಡವರು. 1972ರ ವನ್ಯಜೀವಿ ಕಾಯ್ದೆಯಿಂದೀಚೆಗೆ ನಮ್ಮಲ್ಲಿ ಜಿಂಕೆ, ಕಡವೆಯ ಮಾತೆಲ್ಲ ಹಿರಿಯರ ಬಾಯಲ್ಲಿ, ಪುಸ್ತಕದಲ್ಲಿ ಮಾತ್ರ ಉಳಿಯಿತು. ಇಲ್ಲಿ ಆ ಮೂವತ್ತು ಗಜದ ಅಳತೆ ಕೆಲಸಕ್ಕೆ ಬಾರದು.

ಮಗ ದೊಡ್ಡದೇ ಬೇಕು ಎಂದು ಹಟ ಹಿಡಿದರೆ ಬೇಟೆಗಾರ ಜಿಮ್ ಕಾರ್ಬೆಟ್‌ನನ್ನು ನೆನಪಿಸಿ. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಅವನಿಗೆ ಬಹುಮಾನವಾಗಿ ಸಿಕ್ಕಿದ ರಿಗ್ಬಿ ರೈಫಲ್ ಬರೀ .275, ಈಗಿನ ಲೆಕ್ಕದಲ್ಲಿ 7 ಮಿಲಿಮೀಟರ್. ಆಫ್ರಿಕಾದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಎಂಬಾತ ಅದೇ ತೋಟೆಯಿಂದ ನೂರಾರು ಆನೆ ಹೊಡೆದ. ಹೆಮ್ಮೆಪಡುವ ಲೆಕ್ಕವಲ್ಲ, ಬಿಡಿ. ಅವನನ್ನು ಉದಾಹರಿಸುವವರು ಒಂದನ್ನು ಮರೆಯುತ್ತಾರೆ: ಮಿದುಳು ಎಲ್ಲಿದೆ ಎಂದು ತಿಳಿಯಲು ಅವನು ಆನೆಯ ಬುರುಡೆಯನ್ನೇ ಗರಗಸದಿಂದ ಸೀಳಿ ನೋಡಿದ್ದ.

ಮ್ಯಾಗ್ನಂ ಬೇಡ ಅಂದದ್ದಕ್ಕೆ ನಿಜವಾದ ಕಾರಣ ಭುಜ. ಸಾಧಾರಣ ತೂಕದ ರೈಫಲ್ಲಿನಲ್ಲಿ .300 ವಿನ್‌ಚೆಸ್ಟರ್ ಮ್ಯಾಗ್ನಂ .308ಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಒದೆಯುತ್ತದೆ. ಸೀಸನ್ನಿಗೆ ಮುಂಚೆ ಗುರಿ ಅಭ್ಯಾಸದ ಮೈದಾನಕ್ಕೆ ಹೋದರೆ ನೋಡಬೇಕು ನೀವು, ಹೊಸ ಮ್ಯಾಗ್ನಂ ಹಿಡಿದ ಹುಡುಗರ ಮುಖವನ್ನು. ಮೊದಲ ಈಡು ಚೆನ್ನಾಗೇ ಬೀಳುತ್ತದೆ. ಮೂರನೆಯದರ ಹೊತ್ತಿಗೆ, ಸೂಜಿ ಚುಚ್ಚುವ ಮೊದಲೇ ತೋಳು ಬಿಗಿಹಿಡಿಯುವ ಮಗುವಿನ ಹಾಗೆ, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಹುಡುಗನಿಗೆ ಅದು ಗೊತ್ತೇ ಆಗುವುದಿಲ್ಲ; ದುರ್ಬೀನು ಸರಿಯಿಲ್ಲ ಎಂದು ಸ್ಕ್ರೂ ತಿರುಗಿಸುತ್ತಾ ಕೂರುತ್ತಾನೆ.

ಇದನ್ನು ಹಿಡಿಯಲು ಒಂದು ಹಳೆಯ ಉಪಾಯವಿದೆ, ಮಗನಿಗೆ ತಪ್ಪದೆ ತಿಳಿಸಿ. ಮದ್ದಿಲ್ಲದ ಒಂದೆರಡು ಡಮ್ಮಿ ತೋಟೆಗಳನ್ನು ನಿಜವಾದ ತೋಟೆಗಳ ಜೊತೆ ಬೆರೆಸಿ, ಯಾವುದು ಯಾವುದೆಂದು ಇವನಿಗೆ ಕಾಣದಂತೆ ಗೆಳೆಯ ತುಂಬಿ ಕೊಡಬೇಕು. ಇವನು ಗುರಿ ಹಿಡಿದು ಟ್ರಿಗರ್ ಎಳೆಯಬೇಕು. ಡಮ್ಮಿಯ ಸರದಿ ಬಂದಾಗ ಬರೀ ‘ಟಿಕ್’ ಎನ್ನುತ್ತದೆ, ಸದ್ದಿಲ್ಲ, ಒದೆತವಿಲ್ಲ. ಆ ಕ್ಷಣ ನಳಿಗೆಯ ತುದಿ ಅಲ್ಲಾಡದೆ ನಿಂತಿದ್ದರೆ ಹುಡುಗ ತಯಾರು. ಮೂತಿ ಎರಡು ಬೆರಳಷ್ಟು ಕೆಳಕ್ಕೆ ಕುಕ್ಕಿದರೆ, ಭುಜ ಇನ್ನೂ ಆ ನಂಬರನ್ನು ಒಪ್ಪಿಲ್ಲ ಅಂತಲೇ ಅರ್ಥ. .308ರಲ್ಲೂ ಕುಕ್ಕುತ್ತಿದ್ದರೆ ಸಂಕೋಚವಿಲ್ಲದೆ 6.5 ಕ್ರೀಡ್‌ಮೂರ್‌ಗೆ ಇಳಿಯಲಿ. 2007ರಲ್ಲಿ ಹಾರ್ನಡಿ ಕಂಪನಿ ಗುರಿ ಸ್ಪರ್ಧೆಗೆಂದು ಮಾಡಿದ ತೋಟೆ ಅದು, ಒದೆತ ಕಮ್ಮಿ, ಜಿಂಕೆಗೆ ಧಾರಾಳ. ಅದು ಹುಡುಗಾಟದ ತೋಟೆ ಎಂದು ಮೂಗು ಮುರಿಯುವವರು ಇಲ್ಲಿ ಬಹಳ ಮಂದಿ ಇದ್ದಾರೆ, ಕಿವಿಗೆ ಹಾಕಿಕೊಳ್ಳಬೇಕಿಲ್ಲ. ಜಿಂಕೆಯ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಒಂದು ಗೇಣಗಲ ಅಷ್ಟೇ. ಅಲ್ಲಿ ಬಿದ್ದ ಸಣ್ಣ ಗುಂಡು ಜಿಂಕೆಯನ್ನು ನೂರು ಗಜದೊಳಗೆ ಕೆಡವುತ್ತದೆ. ಹೊಟ್ಟೆಗೆ ಬಿದ್ದ ಮ್ಯಾಗ್ನಂ ಅದನ್ನು ಇಡೀ ರಾತ್ರಿ ನರಳಿಸುತ್ತದೆ.

ಗುಂಡಿನ ಲೋಹದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಸೊಸೆ ಬಸುರಿ ಎಂದು ಬರೆದಿದ್ದೀರಲ್ಲ. ಮಾಮೂಲಿ ಗುಂಡಿನ ಒಳಗಿರುವುದು ಸೀಸ. ವೇಗದಲ್ಲಿ ಬಡಿದಾಗ ಅದು ಪುಡಿಪುಡಿಯಾಗಿ ಗಾಯದಿಂದ ಗೇಣು ದೂರಕ್ಕೂ ಮಾಂಸದಲ್ಲಿ ಚೆದುರುತ್ತದೆ. ಎಕ್ಸ್‌ರೇಯಲ್ಲಿ ಬಿಳಿ ಚುಕ್ಕಿಗಳಾಗಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ. ಇಂಥ ಚೂರುಗಳಿದ್ದ ಸತ್ತ ಪ್ರಾಣಿಗಳನ್ನು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವೆಂದು ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಲ್ಲಿಸಿತು. ಕೊಲರಾಡೊದಲ್ಲಿ ಆ ಕಟ್ಟುಪಾಡಿಲ್ಲ. ಆದರೆ ಅಡುಗೆ ನಿಮ್ಮ ಸೊಸೆಯ ಮನೆಯಲ್ಲಿ ಆಗುವುದು. ಇಡಿಯಾಗಿ ತಾಮ್ರದ ಗುಂಡಿರುವ ತೋಟೆಯನ್ನೇ ಕೊಳ್ಳಲಿ. ಬೆಲೆ ಜಾಸ್ತಿ, ಆದರೆ ಅದು ಅರಳುತ್ತದೆ, ಸಾಮಾನ್ಯವಾಗಿ ಪುಡಿಯಾಗುವುದಿಲ್ಲ. .308ರಲ್ಲಿ 150 ಗ್ರೇನಿನದು ಧಾರಾಳವಾಗಿ ಸಿಗುತ್ತದೆ. ಗುರಿ ಹೊಂದಿಸುವಾಗಲೂ ಅದೇ ಪೆಟ್ಟಿಗೆಯ ತೋಟೆ ಬಳಸಬೇಕು, ಸೀಸದ ಗುಂಡು ಬೀಳುವ ಜಾಗ ಬೇರೆ, ತಾಮ್ರದ್ದು ಬೇರೆ. ತೋಟೆಯ ಬುಡದಲ್ಲಿ ಒತ್ತಿದ ಹೆಸರೂ ನಳಿಗೆಯ ಮೇಲೆ ಕೆತ್ತಿದ ಹೆಸರೂ ಅಕ್ಷರ ತಪ್ಪದೆ ಒಂದೇ ಇರಬೇಕು ಎಂಬುದನ್ನು ನಿಮಗೆ ಹೇಳಬೇಕಿಲ್ಲ, ಅವನಿಗೆ ಹೇಳಿ.

ದುರ್ಬೀನಿನ ವಿಚಾರ ಇನ್ನೊಂದು ಕಾಗದಕ್ಕಿರಲಿ. ಅಂಗಡಿಗೆ ಹೋಗುವ ಮುಂಚೆ ಒಂದೇ ಒಂದು ವಿಷಯ ವಿಚಾರಿಸಿ ಬೇಗ ಬರೆಯಿರಿ: ಹುಡುಗ ನಿಮ್ಮ ಹಾಗೆ ಎಡಚನೋ? ಎಡಗೈಯವರಿಗೆ ಬೋಲ್ಟ್ ಎಡಕ್ಕಿರುವ ರೈಫಲ್ ಬೇರೆಯೇ ಬರುತ್ತದೆ, ಅದನ್ನು ಎಲ್ಲ ಅಂಗಡಿಗಳಲ್ಲೂ ಇಟ್ಟಿರುವುದಿಲ್ಲ. ತರಿಸುವುದಾದರೆ ಈಗಲೇ ಹೇಳಿಡಬೇಕು.

ಅಮ್ಮನವರಿಗೆ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಗೆಳೆಯ